ಬೇ (ವಿಮಾನದ ನಿಲುಗಡೆ ಜಾಗ) ಸೇರುವ ಮುನ್ನ ವಿಮಾನ ನಿಂತುಬಿಡುವುದೇಕೆ? ರೆಕ್ಕೆ ತಾಗದಂತೆ ನೋಡಿಕೊಳ್ಳುವವರು ಯಾರು?

ಮಲೆನಾಡಿಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಾನು ಪ್ರಯಾಣಿಸುತ್ತಿದ್ದ ವಿಮಾನವು ಇಳಿದು, ರನ್‌ವೇ ಬಿಟ್ಟು, ಟರ್ಮಿನಲ್‌ನ ಏರೋಬ್ರಿಡ್ಜ್ (ವಿಮಾನದ ಬಾಗಿಲಿಗೆ ಜೋಡಿಸುವ ಸೇತುವೆ) ಕಿಟಕಿಯಿಂದ ಕಾಣುವಷ್ಟು ಹತ್ತಿರ ಬಂದ ಮೇಲೆ ಗಕ್ಕನೆ ನಿಂತುಬಿಟ್ಟಿತು. ಆಗಲೇ ಎದ್ದು ನಿಂತು ಬ್ಯಾಗು ತೆಗೆಯಲು ಕೈಚಾಚಿದ್ದ ಹಿರಿಯರೊಬ್ಬರು ಮುಂದಿನ ಆಸನದ ಮೇಲೆ ಮುಗ್ಗರಿಸಿದರು, ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಸಾಕಷ್ಟು ಹೊತ್ತು ಅಲ್ಲಿಯೇ ಕಾದ ಬಳಿಕ ವಿಮಾನ ಮತ್ತೆ ಚಲಿಸಿ ಬೇ ಸೇರಿತು. ನಡುವೆ ಏಕೆ ನಿಂತಿತೆಂದು ಯಾರೂ ತಿಳಿಸಲಿಲ್ಲ.

ಈ ವಿಷಯ ಬಲ್ಲವರಲ್ಲಿ ನನ್ನದೊಂದು ವಿನಂತಿ. ಗುರಿ ಕಣ್ಣೆದುರೇ ಇರುವಾಗ ವಿಮಾನವನ್ನು ನಿಲ್ಲಿಸುವ ಅಗತ್ಯವೇನು? ಟರ್ಮಿನಲ್ ಹತ್ತಿರ ವಿಮಾನಗಳು, ಬಸ್ಸುಗಳು, ಸಾಮಾನಿನ ಗಾಡಿಗಳು ಒಂದರ ಪಕ್ಕ ಒಂದು ಓಡಾಡುತ್ತಿರುವಾಗ ಅಷ್ಟು ಉದ್ದದ ರೆಕ್ಕೆ ಯಾವುದಕ್ಕೂ ತಾಗುವುದಿಲ್ಲವೆಂದು ಪೈಲಟ್‌ಗೆ ತಿಳಿಯುವುದು ಹೇಗೆ? ಇದನ್ನೆಲ್ಲ ಗೋಪುರದಲ್ಲಿ ಕುಳಿತ ನಿಯಂತ್ರಕರೇ ನೋಡಿಕೊಳ್ಳುತ್ತಾರೆಯೇ? ಮನುಷ್ಯ ನಡೆಯುವಷ್ಟೇ ವೇಗದಲ್ಲಿ ವಿಮಾನ ಸಾಗುವಾಗಲೂ ಬೆಲ್ಟ್ ಕಟ್ಟಿಕೊಂಡೇ ಇರಬೇಕೆಂಬುದು ಕೇವಲ ಶಿಸ್ತಿಗಾಗಿ ಮಾಡಿದ ನಿಯಮವೇ ಎಂಬುದನ್ನೂ ದಯವಿಟ್ಟು ತಿಳಿಸಿ.

ರ‍್ಯಾಂಪ್ ಕೆಲಸಗಾರ

ನಮಸ್ಕಾರ ಸರ್. ನಾನು ಗ್ರೌಂಡ್ ಹ್ಯಾಂಡ್ಲಿಂಗ್ ಕೆಲಸದಲ್ಲಿ ಹಲವು ವರ್ಷಗಳಿಂದ ಇದ್ದೇನೆ. ನಿಮ್ಮ ವಿಮಾನ ನಿಂತ ನಿರ್ದಿಷ್ಟ ಕಾರಣ ನನಗೆ ತಿಳಿಯುವಂತಿಲ್ಲವಾದರೂ, ಸಾಮಾನ್ಯವಾಗಿ ಹಾಗೆ ನಿಲ್ಲಿಸುವುದು ಬೇ ಇನ್ನೂ ಸಿದ್ಧವಾಗಿಲ್ಲದಿರುವಾಗ.

ಖಾಲಿ ಕಾಣುವ ಬೇ ಸಿದ್ಧವಾದ ಬೇ ಆಗಿರಬೇಕೆಂದಿಲ್ಲ. ವಿಮಾನ ಬರುವ ಮುನ್ನ ನಾವು ಅಲ್ಲಿ ನಡೆದು ನೋಡಿ, ನೆಲದ ಮೇಲೆ ಬಿದ್ದಿರುವ ಬೋಲ್ಟು, ಪ್ಲಾಸ್ಟಿಕ್ ಚೂರು, ಸೂಟ್‌ಕೇಸಿನ ಮುರಿದ ಚಕ್ರ ಮೊದಲಾದವನ್ನು ಹೆಕ್ಕಿ ತೆಗೆಯಬೇಕು; ಎಂಜಿನ್ ಒಳಕ್ಕೆ ಎಳೆದುಕೊಂಡರೆ ಅಷ್ಟು ಸಣ್ಣ ವಸ್ತುವೂ ಬ್ಲೇಡುಗಳನ್ನು ಹಾಳುಮಾಡಬಲ್ಲದು. ಸಾಮಾನು ಏರಿಸಿ ಇಳಿಸುವ ಬೆಲ್ಟ್ ಲೋಡರ್, ಟ್ರಾಲಿ, ನೆಲದ ವಿದ್ಯುತ್ ಘಟಕ ಎಲ್ಲವೂ ನೆಲದ ಮೇಲೆ ಬಳಿದ ಕೆಂಪು ಗೆರೆಯ ಹೊರಗೆ ನಿಂತಿರಬೇಕು. ಏರೋಬ್ರಿಡ್ಜ್ ಹಿಂದೆ ಸರಿದು ತನ್ನ ನಿಗದಿತ ಜಾಗದಲ್ಲಿರಬೇಕು. ಕೊನೆಯದಾಗಿ, ವಿಮಾನವನ್ನು ಒಳಕ್ಕೆ ಕರೆದುಕೊಳ್ಳಲು, ಕೈಸನ್ನೆಯಿಂದ ಪೈಲಟ್‌ಗೆ ದಾರಿ ತೋರುವ ಮಾರ್ಷಲರ್ ಹಾಜರಿರಬೇಕು ಇಲ್ಲವೇ ಟರ್ಮಿನಲ್ ಗೋಡೆಯ ಮೇಲಿರುವ ಡಾಕಿಂಗ್ ಫಲಕ ಚಾಲನೆಯಲ್ಲಿರಬೇಕು. ಇವುಗಳಲ್ಲಿ ಯಾವುದೊಂದು ಕೊರತೆಯಿದ್ದರೂ ಪೈಲಟ್ ಹೊರಗೇ ನಿಲ್ಲುತ್ತಾರೆ, ನಿಲ್ಲಲೇಬೇಕು.

ಆ ಫಲಕದ ಕೆಲಸ ಪ್ರಯಾಣಿಕರ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಅದು ಲೇಸರ್ ಕಿರಣಗಳಿಂದ ಬರುತ್ತಿರುವ ವಿಮಾನದ ಮೂತಿಯನ್ನು ಅಳೆದು, ಪೈಲಟ್ ನೆಲದ ಮೇಲಿನ ಹಳದಿ ಗೆರೆಯ ಎಡಕ್ಕಿದ್ದಾರೋ ಬಲಕ್ಕಿದ್ದಾರೋ, ನಿಲ್ಲುವ ಬಿಂದುವಿಗೆ ಇನ್ನೆಷ್ಟು ಮೀಟರ್ ಉಳಿದಿದೆ ಎಂಬುದನ್ನು ಕ್ಷಣಕ್ಷಣಕ್ಕೂ ತೋರಿಸುತ್ತದೆ. ಒಂದೊಂದು ಮಾದರಿಯ ವಿಮಾನದ ಬಾಗಿಲು ಒಂದೊಂದು ಕಡೆ ಇರುವುದರಿಂದ ನಿಲ್ಲುವ ಬಿಂದುವೂ ಬೇರೆಬೇರೆ. ಆದ್ದರಿಂದ ಎ320 ಎಂದು ತೋರಿಸಬೇಕಾದ ಫಲಕದಲ್ಲಿ ಬೇರೆ ಮಾದರಿಯ ಹೆಸರು ಕಂಡರೆ ಪೈಲಟ್ ಮುಂದುವರಿಯುವಂತಿಲ್ಲ. ಯಾರಾದರೂ ಅದನ್ನು ಸರಿಪಡಿಸುವವರೆಗೆ ಅಥವಾ ಮಾರ್ಷಲರ್ ಬರುವವರೆಗೆ ಕಾಯಬೇಕು. ನೀವು ಕಾದದ್ದು ಇಂಥದ್ದೇ ಕಾರಣಕ್ಕಿರಬಹುದು.

ಬೆಲ್ಟ್ ವಿಷಯಕ್ಕೆ ಬಂದರೆ, ವೇಗ ಕಡಿಮೆ ಎಂಬುದು ಸಮಾಧಾನದ ಮಾತಲ್ಲ. ಫಲಕದಲ್ಲಿ ‘ಸ್ಟಾಪ್’ ಎಂದು ಬಂದಾಗ ಅಥವಾ ಮಾರ್ಷಲರ್ ಎರಡು ಕೋಲುಗಳನ್ನು ತಲೆಯ ಮೇಲೆ ಅಡ್ಡ ಹಿಡಿದಾಗ ಪೈಲಟ್ ಆ ಕ್ಷಣವೇ ಬ್ರೇಕ್ ಒತ್ತಬೇಕು. ಸಾಮಾನಿನ ಗಾಡಿಯೊಂದು ದಾರಿಗೆ ಅಡ್ಡ ಉರುಳಿ ಬಂದಾಗ, ಹಿಂದೆ ಯಾರೋ ಎದ್ದು ನಿಂತಿದ್ದಾರೆಂದು ಯೋಚಿಸುತ್ತ ಮೆಲ್ಲಗೆ ನಿಲ್ಲಿಸಲು ಅವರಿಗೆ ಆಗುವುದಿಲ್ಲ.

ನಿವೃತ್ತ ವೈಮಾನಿಕ

ಮೇಲಿನವರು ಬೇಯ ಒಳಗಿನ ಚಿತ್ರವನ್ನು ಚೆನ್ನಾಗಿ ಕೊಟ್ಟಿದ್ದಾರೆ. ಕಾಕ್‌ಪಿಟ್ ಕಡೆಯ ಮಾತನ್ನು ನಾನು ಸೇರಿಸುತ್ತೇನೆ. ಸ್ವಲ್ಪ ದೀರ್ಘವಾದರೆ ಮನ್ನಿಸಿ.

ಮೊದಲು ಗೋಪುರದ ಪ್ರಶ್ನೆ. ರನ್‌ವೇ ಮತ್ತು ಅಲ್ಲಿಗೆ ಹೋಗಿಬರುವ ದಾರಿಗಳಾದ ಟ್ಯಾಕ್ಸಿವೇಗಳ ಮೇಲಿನ ಚಲನೆ ವಾಯು ಸಂಚಾರ ನಿಯಂತ್ರಕರ ಕೈಯಲ್ಲಿರುತ್ತದೆ. ವಿಮಾನಗಳು ನಿಂತು ಜನ ಮತ್ತು ಸಾಮಾನು ಇಳಿಸುವ ಏಪ್ರನ್ ಎಂಬ ಪ್ರದೇಶದ ವ್ಯವಸ್ಥೆ ಎಲ್ಲೆಡೆ ಒಂದೇ ರೀತಿಯಿಲ್ಲ. ಕೆಲವು ಕಡೆ ಗೋಪುರವೇ ನೋಡಿಕೊಂಡರೆ, ಕೆಲವು ದೊಡ್ಡ ನಿಲ್ದಾಣಗಳಲ್ಲಿ ಅದಕ್ಕೆ ಪ್ರತ್ಯೇಕ ಏಪ್ರನ್ ನಿಯಂತ್ರಣ ಇರುತ್ತದೆ. ಆದರೆ ಯಾರೇ ದಾರಿ ಹೇಳಲಿ, ‘ಇಂಥ ಟ್ಯಾಕ್ಸಿವೇಯಲ್ಲಿ ಹೋಗಿ’ ಎಂಬ ಅನುಮತಿಯಲ್ಲಿ ‘ನಿಮ್ಮ ರೆಕ್ಕೆ ಯಾವುದಕ್ಕೂ ತಾಗುವುದಿಲ್ಲ’ ಎಂಬ ಭರವಸೆ ಅಡಗಿಲ್ಲ. ಕಿಲೋಮೀಟರ್ ದೂರದ ಗಾಜಿನ ಕೋಣೆಯಿಂದ ಎರಡು ವಿಮಾನಗಳ ನಡುವಿನ ನಾಲ್ಕೈದು ಮೀಟರ್ ಅಂತರವನ್ನು ಅಂದಾಜಿಸುವುದು, ಅದರಲ್ಲೂ ರಾತ್ರಿಯಲ್ಲಿ, ಯಾರಿಂದಲೂ ಆಗದ ಕೆಲಸ. ಆ ಹೊಣೆ ವಿಮಾನದ ಕ್ಯಾಪ್ಟನ್‌ನದೇ.

ಕ್ಯಾಪ್ಟನ್‌ಗಾದರೂ ರೆಕ್ಕೆ ಕಾಣುತ್ತದೆಯೇ? 2012ರಲ್ಲಿ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ಬೋಯಿಂಗ್ 747, 757, 767, 777, ಏರ್‌ಬಸ್ ಎ380, ಎಂಡಿ-10 ಮತ್ತು ಎಂಡಿ-11 ವಿಮಾನಗಳ ಪೈಲಟ್‌ಗಳಿಗೆ ಕುಳಿತಲ್ಲಿಂದ ರೆಕ್ಕೆಯ ತುದಿ ಸಾಮಾನ್ಯವಾಗಿ ಕಾಣುವುದಿಲ್ಲ ಎಂದು ಹೇಳಿ, ದೊಡ್ಡ ವಿಮಾನಗಳಿಗೆ ಹೊರಗಿನ ಕ್ಯಾಮೆರಾದಂತಹ ನೆರವಿನ ಸಾಧನ ಅಳವಡಿಸಬೇಕೆಂದು ಶಿಫಾರಸು ಮಾಡಿತು. ಇದರ ಜೊತೆಗೆ ತಿರುವಿನ ತೊಂದರೆಯೂ ಇದೆ. ಹಿಂದಕ್ಕೆ ಬಾಗಿದ ರೆಕ್ಕೆಯುಳ್ಳ ವಿಮಾನ ತಿರುಗುವಾಗ ರೆಕ್ಕೆಯ ತುದಿ, ನೇರವಾಗಿ ಸಾಗುವಾಗ ಇದ್ದುದಕ್ಕಿಂತ ಹೊರಕ್ಕೆ ಬೀಸುತ್ತದೆ. ನೇರವಾಗಿ ನೋಡಿದಾಗ ‘ಜಾಗವಿದೆ’ ಎನಿಸಿದ್ದು ತಿರುಗಿದಾಗ ಇಲ್ಲವಾಗುತ್ತದೆ.

ಹಾಗಿರುವಾಗ ನಾವು ನಂಬುವುದು ಏನನ್ನು? ಹಳದಿ ಗೆರೆಯನ್ನು. ಮೂಗಿನ ಚಕ್ರ ಆ ಗೆರೆಯ ಮೇಲಿದ್ದರೆ ರೆಕ್ಕೆಗಳ ಎರಡೂ ಬದಿಗೆ ಬೇಕಾದ ಅಂತರ ಇರುವಂತೆ ನಿಲ್ದಾಣದವರು ಲೆಕ್ಕಹಾಕಿ ಗೆರೆ ಎಳೆದಿರುತ್ತಾರೆ. ಆದರೆ ಆ ಲೆಕ್ಕ ನಿಜವಾಗಬೇಕಾದರೆ ಸುತ್ತಲಿನವರೆಲ್ಲ ತಮ್ಮ ತಮ್ಮ ಜಾಗದಲ್ಲಿರಬೇಕು. ಮಲೆನಾಡಿಗರ ಪ್ರಶ್ನೆ ನನಗೆ ಮುಖ್ಯವೆನಿಸಿದ್ದು ಇಲ್ಲಿಯೇ. ಬೇ ಸೇರುವ ಸ್ವಲ್ಪ ಮೊದಲೇ ನಿಂತ ವಿಮಾನದ ಮೂತಿ ಬೇಯ ಕಡೆಗಿದ್ದರೂ, ಅದರ ಬಾಲ ಹಿಂದಿನ ದಾರಿಯೊಳಕ್ಕೆ ಚಾಚಿಕೊಂಡಿರುತ್ತದೆ.

2011ರ ಏಪ್ರಿಲ್ 11ರ ರಾತ್ರಿ ನ್ಯೂಯಾರ್ಕಿನ ಜಾನ್ ಎಫ್. ಕೆನಡಿ ನಿಲ್ದಾಣದಲ್ಲಿ ನಡೆದದ್ದು ಇದೇ. ಆಗ ತಾನೇ ಬಂದಿಳಿದಿದ್ದ ಕೊಮೇರ್ ಸಂಸ್ಥೆಯ ಪುಟ್ಟ ಸಿಆರ್‌ಜೆ ವಿಮಾನವು ತನ್ನ ಗೇಟಿನತ್ತ ಹೋಗಲು ಕಾಯುತ್ತ ನಿಂತಿತ್ತು. ಹೊರಡುತ್ತಿದ್ದ ಏರ್ ಫ್ರಾನ್ಸ್‌ನ ಎ380 ಅದರ ಹಿಂದಿನಿಂದ ಹಾದುಹೋಗುವಾಗ ಎಡರೆಕ್ಕೆಯ ತುದಿ ಸಿಆರ್‌ಜೆಯ ಬಾಲಕ್ಕೆ ತಾಗಿ, ಆ ವಿಮಾನವನ್ನು ನಿಂತಲ್ಲಿಯೇ ಗಿರ್ರನೆ ತಿರುಗಿಸಿತು. ಎರಡೂ ವಿಮಾನಗಳಲ್ಲಿದ್ದ ಸುಮಾರು ಆರು ನೂರು ಜನರಲ್ಲಿ ಯಾರಿಗೂ ಗಾಯವಾಗಲಿಲ್ಲ. ಆ ಹೊತ್ತಿನಲ್ಲಿ ಸಿಆರ್‌ಜೆಯೊಳಗೆ ಬ್ಯಾಗು ತೆಗೆಯಲು ಎದ್ದು ನಿಂತವರಿದ್ದಿದ್ದರೆ ಅವರ ಗತಿ ಏನಾಗುತ್ತಿತ್ತೆಂದು ಊಹಿಸಿಕೊಳ್ಳಿ. ನಿಂತ ವಿಮಾನದಲ್ಲೂ ಬೆಲ್ಟ್ ಏಕೆ ಎಂಬ ಪ್ರಶ್ನೆಗೆ ನನ್ನ ಉತ್ತರ ಈ ಘಟನೆ.

ಇದು ಹಳೆಯ ಕಥೆಯಾಗಿ ಉಳಿದಿಲ್ಲ. 2024ರ ಸೆಪ್ಟೆಂಬರ್ 10ರಂದು ಅಟ್ಲಾಂಟಾದಲ್ಲಿ ಟೋಕಿಯೊಗೆ ಹೊರಟಿದ್ದ ಡೆಲ್ಟಾದ ಎ350 ವಿಮಾನದ ರೆಕ್ಕೆ, ಕಾಯುತ್ತ ನಿಂತಿದ್ದ ಸಿಆರ್‌ಜೆ-900ರ ಬಾಲವನ್ನೇ ಮುರಿದು ಕೆಡವಿತು. ಅದೇ ವರ್ಷ ಮಾರ್ಚ್ 27ರಂದು ನಮ್ಮ ಕೋಲ್ಕತ್ತಾದಲ್ಲಿ, ರನ್‌ವೇ ಪ್ರವೇಶಿಸಲು ಕಾಯುತ್ತ ನಿಂತಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದ ರೆಕ್ಕೆಗೆ ಇಂಡಿಗೊ ವಿಮಾನದ ರೆಕ್ಕೆ ತಾಗಿತು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಇಂಡಿಗೊದ ಇಬ್ಬರೂ ಪೈಲಟ್‌ಗಳನ್ನು ಕರ್ತವ್ಯದಿಂದ ದೂರವಿರಿಸಿ ತನಿಖೆಗೆ ಆದೇಶಿಸಿತು. ಮೂರು ಕಡೆಯೂ ಪೆಟ್ಟು ತಿಂದದ್ದು ನಿಂತಿದ್ದ ವಿಮಾನ.

ಆದ್ದರಿಂದ ಅನುಮಾನ ಬಂದ ಕೂಡಲೇ ಬ್ರೇಕ್ ಹಾಕಿ, ಮುಂದಿರುವ ವಿಮಾನ ಸರಿಯುವವರೆಗೆ ಅಥವಾ ರೆಕ್ಕೆಯ ಪಕ್ಕ ನಡೆದು ಅಂತರ ನೋಡುವ ವಿಂಗ್ ವಾಕರ್ ಬರುವವರೆಗೆ ಕಾಯುವುದೇ ನಾವು ಕಲಿತ, ಕಲಿಸಿದ ಪಾಠ. ಹಾಗೆ ಕಾದದ್ದಕ್ಕೆ ಪ್ರಯಾಣಿಕರು ಗೊಣಗಿದ್ದನ್ನು ನಾನು ಎಂದೂ ಮನಸ್ಸಿಗೆ ಹಚ್ಚಿಕೊಂಡಿಲ್ಲ. ಆದರೆ ‘ಬೇ ಸಿದ್ಧವಾಗಿಲ್ಲ, ಆದ್ದರಿಂದ ನಿಂತಿದ್ದೇವೆ’ ಎಂಬ ಒಂದು ಪ್ರಕಟಣೆ ಕೊಡದೆ ಸುಮ್ಮನಿರುವ ಸಿಬ್ಬಂದಿಯ ಮೇಲೆ ನನಗೂ ತಕರಾರಿದೆ.

ಮಲೆನಾಡಿಗ

ಇಬ್ಬರಿಗೂ ಕೃತಜ್ಞತೆಗಳು. ಬಾಲದ ವಿಷಯ ನನಗೆ ಹೊಳೆದೇ ಇರಲಿಲ್ಲ. ಇನ್ನೆರಡು ಪ್ರಶ್ನೆಗಳಿಗೆ ಅವಕಾಶ ಕೊಡಿ. ಮೊದಲನೆಯದು, ಬೇಗಳ ನಡುವೆ ಬಿಡುವ ಅಂತರಕ್ಕೆ ನಿಗದಿತ ಅಳತೆಯಿದೆಯೇ? ಎರಡನೆಯದು, ವಿಮಾನ ನಿಂತ ಕೂಡಲೇ ನೆಲದ ಸಿಬ್ಬಂದಿ ಓಡಿಬಂದು ಕೆಲಸ ಆರಂಭಿಸುವುದಿಲ್ಲ, ಕೈಕಟ್ಟಿ ದೂರ ನಿಂತಿರುತ್ತಾರೆ. ಅವರು ಯಾವುದಕ್ಕಾಗಿ ಕಾಯುತ್ತಿರುತ್ತಾರೆ?

ನಕ್ಷೆಗಾರ

ಮೊದಲ ಪ್ರಶ್ನೆಗೆ ನಾನು ಉತ್ತರಿಸಬಲ್ಲೆ. ವಿಮಾನ ನಿಲ್ದಾಣಗಳ ವಿನ್ಯಾಸ ನನ್ನ ವೃತ್ತಿ.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಅನುಬಂಧ 14ರಲ್ಲಿ ವಿಮಾನಗಳನ್ನು ರೆಕ್ಕೆಯ ಅಗಲಕ್ಕೆ ತಕ್ಕಂತೆ ‘ಎ’ಯಿಂದ ‘ಎಫ್’ವರೆಗೆ ವಿಂಗಡಿಸಲಾಗಿದೆ. ನಮ್ಮ ದೇಶೀಯ ಹಾರಾಟಗಳಲ್ಲಿ ಹೆಚ್ಚಾಗಿ ಕಾಣುವ ಎ320 ಮತ್ತು ಬೋಯಿಂಗ್ 737 ವಿಮಾನಗಳು 36 ಮೀಟರಿಗಿಂತ ಕಡಿಮೆ ಅಗಲದ ‘ಸಿ’ ವರ್ಗದವು. ಬೋಯಿಂಗ್ 777-300ಇಆರ್‌ನ ಅಗಲ 64.8 ಮೀಟರ್ ಆದ್ದರಿಂದ ಅದು ‘ಇ’ ವರ್ಗಕ್ಕೆ, 79.8 ಮೀಟರ್ ಅಗಲದ ಎ380 ‘ಎಫ್’ ವರ್ಗಕ್ಕೆ ಸೇರುತ್ತವೆ. ಬೇಯಲ್ಲಿ ನಿಂತ ಅಥವಾ ಬೇಗೆ ಬರುವ ವಿಮಾನಕ್ಕೂ ಪಕ್ಕದ ವಿಮಾನ, ಕಟ್ಟಡ, ಕಂಬಗಳಿಗೂ ನಡುವೆ ‘ಸಿ’ ವರ್ಗಕ್ಕೆ ಕನಿಷ್ಠ 4.5 ಮೀಟರ್, ‘ಡಿ’ಯಿಂದ ಮೇಲಿನವುಗಳಿಗೆ 7.5 ಮೀಟರ್ ಇರಬೇಕು. ಬೇಗಳ ಎದುರು ಹಾದುಹೋಗುವ ದಾರಿಯ ನಡುಗೆರೆಯಿಂದ ಅಡ್ಡಿಯ ವಸ್ತುವಿಗೆ ‘ಸಿ’ ವರ್ಗದಲ್ಲಿ 22.5 ಮೀಟರ್ ಬಿಡುತ್ತಾರೆ. ಎ320ರ ಅರ್ಧ ಅಗಲ 17.9 ಮೀಟರನ್ನು ಅದರಲ್ಲಿ ಕಳೆದರೆ ರೆಕ್ಕೆಯ ತುದಿಯಾಚೆ ಉಳಿಯುವುದು ನಾಲ್ಕೂವರೆ ಮೀಟರಿನ ಆಸುಪಾಸು. ಒಂದು ಸಾಮಾನಿನ ಟ್ರ್ಯಾಕ್ಟರ್ ಕೆಂಪು ಗೆರೆ ದಾಟಿ ನಿಂತರೆ ಆ ಅಂತರದ ಬಹುಪಾಲು ಮುಗಿದಂತೆಯೇ.

ದೊಡ್ಡ ನಿಲ್ದಾಣಗಳಲ್ಲಿ ಒಂದೇ ಜಾಗದಲ್ಲಿ ಒಂದು ಅಗಲ ದೇಹದ ವಿಮಾನವನ್ನಾಗಲಿ ಎರಡು ಸಣ್ಣ ವಿಮಾನಗಳನ್ನಾಗಲಿ ನಿಲ್ಲಿಸುವ ವ್ಯವಸ್ಥೆಯಿದ್ದು, ಅಲ್ಲಿ ಮೂರು ಹಳದಿ ಗೆರೆಗಳು ಒಂದರ ಪಕ್ಕ ಒಂದು ಇರುತ್ತವೆ. ತಪ್ಪು ಗೆರೆ ಹಿಡಿದರೆ ಪಕ್ಕದವರ ರೆಕ್ಕೆಗೇ ಹೋಗಿ ತಾಗುತ್ತೇವೆ. ಬೆಂಗಳೂರಿಗೆ 2022ರ ಅಕ್ಟೋಬರಿನಲ್ಲಿ ಎಮಿರೇಟ್ಸ್‌ನ ಎ380 ಬರಲಾರಂಭಿಸಿದಾಗ ಪತ್ರಿಕೆಗಳೆಲ್ಲ ಅದರ ಎರಡು ಅಂತಸ್ತುಗಳ ಬಗ್ಗೆ ಬರೆದವು. ನಮ್ಮಂಥವರಿಗೆ ಮಾತ್ರ ಅದು ಯಾವ ಟ್ಯಾಕ್ಸಿವೇ ಹಿಡಿದು ಯಾವ ಬೇ ಸೇರುತ್ತದೆ ಎಂಬುದೇ ಕುತೂಹಲ. ಬೋಯಿಂಗ್ ತನ್ನ ಹೊಸ 777ಎಕ್ಸ್ ವಿಮಾನಕ್ಕೆ ಮಡಚುವ ರೆಕ್ಕೆ ಕೊಟ್ಟಿರುವುದೂ ಇದೇ ಇಕ್ಕಟ್ಟಿನಿಂದಾಗಿ. ಹಾರುವಾಗ 71.8 ಮೀಟರ್ ಇರುವ ಅದರ ಅಗಲ ಮಡಚಿದಾಗ 64.8 ಮೀಟರಿಗೆ ಇಳಿದು, ಹಳೆಯ 777ರ ಬೇಗಳಲ್ಲಿಯೇ ಅದು ಹಿಡಿಸುತ್ತದೆ.

ರ‍್ಯಾಂಪ್ ಕೆಲಸಗಾರ

ಎರಡನೆಯ ಪ್ರಶ್ನೆ ನಮ್ಮ ಜೀವದ ಪ್ರಶ್ನೆ. ವಿಮಾನದ ಬೆನ್ನಿನ ಮೇಲೆ ಮತ್ತು ಹೊಟ್ಟೆಯ ಕೆಳಗೆ ಮಿಣುಕುವ ಕೆಂಪು ದೀಪವೊಂದಿದೆ, ಅದನ್ನು ನಾವು ಬೀಕನ್ ಎನ್ನುತ್ತೇವೆ. ಎಂಜಿನ್ ಆರಂಭಿಸುವ ಮುನ್ನ ಅದನ್ನು ಹಚ್ಚಿ, ಎಂಜಿನ್ ಆರಿಸಿದ ಮೇಲೆಯೇ ನಂದಿಸುತ್ತಾರೆ. ಬೀಕನ್ ಉರಿಯುತ್ತಿರುವವರೆಗೆ, ಮುಂದಿನ ಚಕ್ರ ಉರುಳದಂತೆ ಅದಕ್ಕೆ ಚಾಕ್ಸ್ ಎಂಬ ತಡೆ ಇಡುವಂಥ ನಿಗದಿತ ಕೆಲಸದವರನ್ನು ಬಿಟ್ಟು ಬೇರಾರೂ ವಿಮಾನದ ಬಳಿ ಸುಳಿಯುವಂತಿಲ್ಲ. ಕನಿಷ್ಠ ವೇಗದಲ್ಲಿ, ಅಂದರೆ ಐಡಲ್‌ನಲ್ಲಿರುವಾಗಲೇ ಬೋಯಿಂಗ್ 737ರ ಎಂಜಿನ್ ಮುಂದೆ ಸುಮಾರು ಮೂರು ಮೀಟರಿನ ವಲಯ ಅಪಾಯಕಾರಿ. ವೇಗ ಹೆಚ್ಚಿಸಿದರೆ ಆ ವಲಯ ಇನ್ನೂ ಹಿಗ್ಗುತ್ತದೆ. ಹಿಂಬದಿಯ ಬಿಸಿಗಾಳಿಯದು ಬೇರೆಯೇ ಕಥೆ, ಅದು ಖಾಲಿ ಟ್ರಾಲಿಗಳನ್ನು ಉರುಳಿಸಿಬಿಡುತ್ತದೆ.

2022ರ ಡಿಸೆಂಬರ್ 31ರಂದು ಅಮೆರಿಕದ ಅಲಬಾಮ ರಾಜ್ಯದ ಮಾಂಟ್ಗೊಮೆರಿಯಲ್ಲಿ ಎಂಬ್ರೇರ್ ವಿಮಾನವೊಂದು ಗೇಟಿಗೆ ಬಂದು ನಿಂತಿತ್ತು. ನಿಂತಾಗ ವಿದ್ಯುತ್ ಒದಗಿಸುವ ಅದರ ಸಹಾಯಕ ಎಂಜಿನ್ ಕೆಟ್ಟಿದ್ದರಿಂದ, ನೆಲದ ವಿದ್ಯುತ್ ಸಿಗುವವರೆಗೆ ಮುಖ್ಯ ಎಂಜಿನ್‌ಗಳನ್ನು ಆರಿಸದೆ ಇಟ್ಟಿದ್ದರು. ಎಂಜಿನ್ ಚಾಲೂ ಇರುತ್ತದೆ, ಹತ್ತಿರ ಹೋಗಬೇಡಿ ಎಂದು ಸಿಬ್ಬಂದಿಗೆ ಮೊದಲೇ ತಿಳಿಸಲಾಗಿತ್ತು, ಬೀಕನ್ ಕೂಡ ಉರಿಯುತ್ತಿತ್ತು. ಆದರೂ ರೆಕ್ಕೆಯ ಮುಂಬದಿಯಲ್ಲಿ ನಡೆದು ಬಂದ ಕೆಲಸಗಾರ್ತಿಯೊಬ್ಬರನ್ನು ಎಂಜಿನ್ ಒಳಗೆಳೆದುಕೊಂಡಿತು. ಮುಂಬೈಯಲ್ಲಿ 2015ರ ಡಿಸೆಂಬರ್ 16ರ ರಾತ್ರಿ ಹೈದರಾಬಾದಿಗೆ ಹೊರಟಿದ್ದ ಏರ್ ಇಂಡಿಯಾ ವಿಮಾನವನ್ನು ಟಗ್‌ನಿಂದ ಹಿಂದಕ್ಕೆ ತಳ್ಳಿಯಾದ ಮೇಲೆ, ನೆಲದ ಸಿಬ್ಬಂದಿ ಪಕ್ಕಕ್ಕೆ ಸರಿಯುವ ಮುನ್ನವೇ ವಿಮಾನ ಚಲಿಸಿ, ತಂತ್ರಜ್ಞರೊಬ್ಬರು ಅದೇ ರೀತಿ ಪ್ರಾಣ ಕಳೆದುಕೊಂಡರು.

ಈ ಕಾರಣಕ್ಕಾಗಿಯೇ ವಿಮಾನವನ್ನು ಹಿಂದಕ್ಕೆ ತಳ್ಳುವ ಪುಶ್‌ಬ್ಯಾಕ್‌ನ ಕೊನೆಯ ಹಂತವನ್ನು ಹೊಸಬರಿಗೆ ಒತ್ತಿ ಒತ್ತಿ ಹೇಳುತ್ತೇವೆ. ತಳ್ಳುವಾಗ ಮೂಗಿನ ಚಕ್ರದ ಸ್ಟಿಯರಿಂಗ್ ಕೆಲಸ ಮಾಡದಂತೆ ಒಂದು ಪಿನ್ ಹಾಕಿರುತ್ತೇವೆ. ಟಗ್ ಬಿಡಿಸಿ, ಹೆಡ್‌ಸೆಟ್ ಕಳಚಿ, ಪಿನ್ ತೆಗೆದು, ಕ್ಯಾಪ್ಟನ್‌ಗೆ ಕಾಣುವ ಬದಿಗೆ ದೂರ ಬಂದು ನಿಂತು, ಕೆಂಪು ಪಟ್ಟಿ ಕಟ್ಟಿದ ಆ ಪಿನ್ನನ್ನು ಮೇಲೆತ್ತಿ ತೋರಿಸಬೇಕು. ಅದನ್ನು ಕಣ್ಣಾರೆ ಕಂಡು ಕೈಸನ್ನೆಗೆ ಮರುಸನ್ನೆ ಕೊಟ್ಟ ಮೇಲೆಯೇ ಪೈಲಟ್ ಚಲಿಸಬೇಕು. ಮುಂದಿನ ಬಾರಿ ಕಿಟಕಿಯ ಪಕ್ಕ ಕುಳಿತಾಗ ಗಮನಿಸಿ. ನೆಲದ ಮೇಲಿಂದ ಕೈಬೀಸುವವರು ನಿಮಗೆ ಟಾಟಾ ಹೇಳುತ್ತಿರುವುದಿಲ್ಲ.

ಹುಬ್ಬಳ್ಳಿಯವ

ಚರ್ಚೆ ಚೆನ್ನಾಗಿದೆ, ಆದರೆ ನಿಯಮಗಳ ಪಟ್ಟಿ ಕೇಳಿದಾಗ ಎಲ್ಲವೂ ಸುಸೂತ್ರ ಎಂಬ ಭಾವನೆ ಬರುತ್ತದೆ. ಫ್ಲೈಟ್ ಸೇಫ್ಟಿ ಫೌಂಡೇಶನ್ ಹಿಂದೆ ಮಾಡಿದ ಅಂದಾಜಿನ ಪ್ರಕಾರ ಜಗತ್ತಿನಾದ್ಯಂತ ವರ್ಷಕ್ಕೆ ಏಪ್ರನ್ ಮೇಲೆ ಸುಮಾರು 27,000 ರ‍್ಯಾಂಪ್ ಅವಘಡಗಳು, ಅಂದರೆ ಸಾವಿರ ಹಾರಾಟಕ್ಕೆ ಒಂದರಂತೆ, ಸಂಭವಿಸುತ್ತವೆ. 2025ರ ಏಪ್ರಿಲ್ 18ರಂದು ಬೆಂಗಳೂರಿನಲ್ಲಿಯೇ ಟೆಂಪೊ ಟ್ರಾವೆಲರ್ ಒಂದು ನಿಲ್ಲಿಸಿದ್ದ ಇಂಡಿಗೊ ವಿಮಾನದ ಮೂತಿಯಡಿಗೆ ನುಗ್ಗಿ ಅದರ ಛಾವಣಿ ಜಜ್ಜಿಹೋಗಿದ್ದನ್ನು ಎಲ್ಲರೂ ಚಿತ್ರಗಳಲ್ಲಿ ನೋಡಿದ್ದೇವೆ. ಅಲ್ಲಿ ವಿಮಾನ ಚಲಿಸುತ್ತಲೂ ಇರಲಿಲ್ಲ. ಅರ್ಧ ಗಂಟೆಯಲ್ಲಿ ವಿಮಾನವನ್ನು ಮತ್ತೆ ಹೊರಡಿಸಬೇಕೆಂಬ ಒತ್ತಡ, ರಾತ್ರಿ ಪಾಳಿ, ಕಡಿಮೆ ಜನ, ಇವುಗಳ ಬಗ್ಗೆ ಮಾತನಾಡದೆ ಗೆರೆ ಮತ್ತು ದೀಪಗಳ ಬಗ್ಗೆ ಮಾತ್ರ ಮಾತನಾಡುವುದು ಅರ್ಧ ಮಾತಾಗುತ್ತದೆ.

ಇನ್ನೊಂದು ಪ್ರಶ್ನೆ. ಹುಬ್ಬಳ್ಳಿ, ಬೆಳಗಾವಿಯಂಥ ಕಡೆ ಪ್ರೊಪೆಲರ್ (ಫ್ಯಾನ್) ಇರುವ ಎಟಿಆರ್ ವಿಮಾನಕ್ಕೆ ನಾವು ಏಪ್ರನ್ ಮೇಲೆ ನಡೆದೇ ಹೋಗುವುದುಂಟು. ಫ್ಯಾನ್ ನಿಂತಿರುತ್ತದೆ, ಆದರೆ ಎಂಜಿನ್ ಶಬ್ದ ಕೇಳುತ್ತಿರುತ್ತದೆ. ಇದು ಅಪಾಯವಲ್ಲವೇ?

ನಿವೃತ್ತ ವೈಮಾನಿಕ

ಒತ್ತಡದ ಬಗ್ಗೆ ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ಮಾರ್ಷಲರ್ ಬರುವುದು ತಡವಾದಾಗ ‘ಪರವಾಗಿಲ್ಲ, ನಾನೇ ನಿಲ್ಲಿಸಿಕೊಳ್ಳುತ್ತೇನೆ’ ಎನ್ನುವ ಪೈಲಟ್‌ನನ್ನು ಆ ಮಾತಿಗೆ ದೂಡುವುದು ಗಡಿಯಾರವೇ. ಕಾದು ನಿಂತ ಪೈಲಟ್‌ನಿಂದ ವಿಳಂಬಕ್ಕೆ ವಿವರಣೆ ಕೇಳದ ಸಂಸ್ಥೆಯಲ್ಲಿ ಮಾತ್ರ ಈ ನಿಯಮಗಳು ಉಳಿಯುತ್ತವೆ.

ಎಟಿಆರ್ ವಿಷಯ ಹೀಗಿದೆ. ಆ ವಿಮಾನಗಳಲ್ಲಿ ಸಾಮಾನ್ಯವಾಗಿ ಸಹಾಯಕ ಎಂಜಿನ್ ಇರುವುದಿಲ್ಲ. ಬದಲಿಗೆ ಬಲಬದಿಯ ಎಂಜಿನ್‌ನ ಪ್ರೊಪೆಲರ್‌ಗೆ ಬ್ರೇಕ್ ಹಾಕಿ, ಎಂಜಿನನ್ನು ಮಾತ್ರ ನಡೆಸಿ ವಿದ್ಯುತ್ ಮತ್ತು ತಂಪುಗಾಳಿ ಪಡೆಯುವ ವ್ಯವಸ್ಥೆಯಿದ್ದು, ಅದನ್ನು ಹೋಟೆಲ್ ಮೋಡ್ ಎನ್ನುತ್ತಾರೆ. ನೀವು ಕೇಳಿದ ಶಬ್ದ ಅದರದ್ದೇ. ಪ್ರಯಾಣಿಕರ ಬಾಗಿಲು ಎಡಬದಿಯ ಹಿಂಭಾಗದಲ್ಲಿರುವುದರಿಂದ, ಸಿಬ್ಬಂದಿ ತೋರಿಸಿದ ದಾರಿಯಲ್ಲಿಯೇ ಹೋದರೆ ನೀವು ಬಲಬದಿಯ ಎಂಜಿನ್‌ನ ಹತ್ತಿರವೂ ಸುಳಿಯುವುದಿಲ್ಲ. ಫೋಟೊ ತೆಗೆಯಲೆಂದು ಮೂತಿಯನ್ನು ಬಳಸಿ ಆ ಕಡೆಗೆ ಹೋಗುವುದು, ರೆಕ್ಕೆಯಡಿ ಹಾದು ದಾರಿ ಕಡಿಮೆ ಮಾಡಿಕೊಳ್ಳುವುದು ಮಾತ್ರ ಬೇಡ. ನಿಂತಿರುವ ಪ್ರೊಪೆಲರನ್ನೂ ತಿರುಗುತ್ತಿದೆ ಎಂದೇ ತಿಳಿಯಬೇಕು. ಮಕ್ಕಳಿದ್ದರೆ ಏಪ್ರನ್‌ಗೆ ಇಳಿದಾಗಿನಿಂದ ಮೆಟ್ಟಿಲು ಹತ್ತುವವರೆಗೆ ಕೈ ಹಿಡಿದುಕೊಂಡೇ ಇರಿ, ಟೋಪಿ ಮತ್ತು ಬೋರ್ಡಿಂಗ್ ಪಾಸ್ ಗಾಳಿಗೆ ಹಾರಿದರೆ ಬೆನ್ನಟ್ಟದೆ ಹತ್ತಿರದ ಸಿಬ್ಬಂದಿಗೆ ಹೇಳಿ.